ರಾಣಿಯ ತವರಿಗೆ ಮೂರು ಸಾಲಿನ ಗಾಡಿ

“ಕೇಳ್ರಪ್ಪೋ ಕೇಳ್ರಿ! ಮಹಾರಾಣಿಯವರು ತವರಿಗೆ ಹೊಂಟಾರ. ಮನೆಮಂದಿಯೆಲ್ಲ ಕೂರೋ ಮೂರು ಸಾಲಿನ ದೊಡ್ಡ ಮೋಟಾರು ಗಾಡಿ ಬೇಕಾಗೇದ. ಅದು ಹಿಂದೊಂದು ಹಸುವಿನ ಗಾಡೀನೂ ಎಳೀಬೇಕು. ಅಂಥಾದ್ದು ಆರಿಸೋರು ಮೊದಲು ರಾಣಿಯವರ ಮೂರು ಒಗಟು ಒಡೀಬೇಕು. ಒಡೆದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ!”

ದೊರೆಗಳೂ ಇದ್ದು ಮೋಟಾರೂ ಬಂದಿದ್ದ ಕಾಲ ಅದು. ಡಂಗುರ ಕೇಳಿ ರಾಣಿ ಹೊನ್ನಾಂಬೆ ಬೆಚ್ಚಿದಳು. ಒಗಟು ಅವಳದು; ತಲೆದಂಡ ಮಾತ್ರ ದೊರೆ ಭೀಮರಸನ ಒಗ್ಗರಣೆ. ತಲೆದಂಡದ ಮಾತಿಲ್ಲದೆ ಆ ಮಹಾರಾಯನಿಗೆ ಊಟಕ್ಕೆ ಉಪ್ಪಿನಕಾಯಿ ಕೇಳಲೂ ಬರುತ್ತಿರಲಿಲ್ಲ.

ರಾಣಿಯ ತವರು ಘಟ್ಟದ ಕೆಳಗಿನ ನೀರಗೋಡು. ಮದುವೆಯಾಗಿ ಬಂದವಳು ಮತ್ತೆ ಆ ಊರಿನ ಮುಖ ನೋಡಿರಲಿಲ್ಲ. ಅರಮನೆಯ ಕಟ್ಟಳೆ ಹಾಗಿತ್ತು. ಸೊಸೆ ತವರಿಗೆ ಹೋದರೆ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಬೇಕು, ಒಂದೇ ಬುತ್ತಿ ಬಿಚ್ಚಬೇಕು. ಬಳುವಳಿಯಾಗಿ ಬಂದ ಹಸುವಿನ ಕರುವನ್ನೂ ಹಿಂದೆ ಕಟ್ಟಿದ ಹಸುವಿನ ಗಾಡಿಯಲ್ಲಿ ಒಯ್ದು ತವರಿನವರಿಗೆ ತೋರಿಸಿ ತರಬೇಕು. ಒಮ್ಮೆ ಹೊರಟಾಗ ಹಿಂದಿನ ಸಾಲಿನಲ್ಲಿ, ಎಲ್ಲರೂ ದೊಡ್ಡವ್ವ ಎನ್ನುವ ಅತ್ತೆಯವರ ಮಂಡಿ ಗದ್ದಕ್ಕೆ ತಾಗಿತು. ಅವರು ಊರ ಬಾಗಿಲಲ್ಲೇ ಇಳಿದರು, ಎಲ್ಲರೂ ಇಳಿದರು. ಇನ್ನೊಮ್ಮೆ ಹೊಸ ಗಾಡಿ ಘಟ್ಟದ ಇಳಿಜಾರಿನಲ್ಲಿ ಚರಂಡಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಪಯಣ ಅಲ್ಲಿಗೇ ಮುಗಿಯಿತು. ತವರಿನಲ್ಲಿ ಅವ್ವನಿಗೆ ಕಣ್ಣು ಮಂಜಾಗಿದೆ, ಆದರೂ ಸಂಜೆಯಾದರೆ ಜಗಲಿಯಲ್ಲಿ ಕೂತು ದಾರಿ ನೋಡುತ್ತಾಳೆ ಎಂದು ಬಳೆಗಾರ ಹೇಳಿಹೋದ ಮೇಲೆ ರಾಣಿಗೆ ತುತ್ತು ಇಳಿಯದಾಯಿತು. ಅವ್ವ ಇರುವಾಗಲೇ ಹೋಗಬೇಕು, ದೊರೆಗೆ ಅವಳು ಹೇಳಿದ್ದು ಅಷ್ಟೇ.

ಮೊದಲು ಬಂದವನು ಗಾಡಿ ವ್ಯಾಪಾರಿ. ಪರದೆಯ ಹಿಂದಿನಿಂದ ರಾಣಿ ಕೇಳಿದಳು, “ಮೂರು ಸಾಲಿದ್ದ ಗಾಡಿಯೊಳಗ ಮೊದಲನೇ ಸಾಲು ಯಾವುದು?”

“ಇದೇನು ಒಗಟ್ರೀ ತಾಯಿ? ದೊರೆಗಳು ಕೂರೋ ಮುಂದಿನ ಸಾಲು!” ಎಂದು ಅವನು ನಕ್ಕ. ಭಟರು ಸೆರೆಮನೆಗೆ ಎಳೆದೊಯ್ದರು. ದೊರೆಯ ಸೋದರಳಿಯ ಮೀಸೆ ತಿರುವುತ್ತ, ರಾಣಿಯವರು ಕೂರುವ ನಡುವಿನ ಸಾಲು ಎಂದ. ಅತ್ತೆಯಾದ ರಾಣಿಯನ್ನು ಹೊಗಳಿದರೂ ಭಟರು ಅವನನ್ನೂ ಬಿಡಲಿಲ್ಲ. ನೆರೆರಾಜ್ಯದ ಯುವರಾಜ, ಉಳಿದದ್ದು ಒಂದೇ ಅಲ್ಲವೇ ಎಂದು ಹಿಂದಿನ ಸಾಲು ಹೇಳಿ ಪಾರಾದ.

ರಾಣಿ ಎರಡನೆಯದನ್ನು ಕೇಳಿದಳು. “ಏರಿನಾಗ ಆಳು, ಇಳಿಜಾರಿನಾಗ ಅರಸು. ಯಾರು?”

“ಎಂಜಿನ್ನು!” ಎಂದ ಯುವರಾಜ. ಅವನೂ ಸೆರೆಮನೆಗೆ ಹೋದ.

ಅಮಾವಾಸ್ಯೆಗೆ ಮೂವರ ತಲೆಯೂ ಉರುಳಬೇಕು. ನನ್ನ ತವರಿನ ದಾರಿಗೆ ರುಂಡ ಹಾಸಬೇಕೇ ಎಂದು ರಾಣಿ ಅತ್ತಳು. ಹೋಗುವುದೇ ಬೇಡ ಎಂದು ಬಾಯಿಗೆ ಬರುತ್ತಿತ್ತು, ಅವ್ವನ ನೆನಪು ಅದನ್ನು ನುಂಗಿಸುತ್ತಿತ್ತು.

ಆಗ ಅವಳ ಬಳುವಳಿ ಹಸುಗಳನ್ನು ಮೇಯಿಸುವ ಮಾಳಿಂಗ ಬಂದು ನಿಂತ.

“ಬ್ಯಾಡಪ್ಪಾ, ಹೋಗು. ಮನಿಯಾಗ ನಿನ್ನ ದಾರಿ ಕಾಯೋರು ಇರ್ತಾರ,” ಎಂದಳು ರಾಣಿ.

“ಕಾಯೋರು ಇಲ್ರೀ ತಾಯಿ. ಅದಕ್ಕ ಬಂದೀನಿ.”

ಮೊದಲನೆಯದಕ್ಕೆ ಅವನು ಹಿಂದಿನ ಸಾಲು ಎಂದ. “ಯಾಕ?” ಎಂದು ದೊರೆ ಗದರಿದ.

“ಜಾಗ ಸಾಲದಾದ್ರ ಮೊದಲು ಇಳಿಯೋರು ಅಲ್ಲಿಯವರ್ರೀ. ಅವರು ಇಳಿದ್ರ ಪಯಣಾನೇ ಇಲ್ಲ. ಮುಂದಿನವರಿಗೆ ಎಲ್ಲಾ ಗಾಡ್ಯಾಗೂ ಜಾಗ ಇರ್ತದ. ದೊಡ್ಡವ್ವಾರನ್ನ ಹಿಂದ ಕೂರಿಸಿ, ಆರಾಮ ಐತೇನವ್ವಾ ಅಂತ ಕೇಳಿ ಗಾಡಿ ಆರಿಸಬೇಕು.”

ಎರಡನೆಯದಕ್ಕೂ ತಡವರಿಸಲಿಲ್ಲ. “ಹಿಂದ ಕಟ್ಟಿದ ಹಸುವಿನ ಗಾಡಿ. ಏರಿನಾಗ ಎಳೆದಂಗ ಬರ್ತದ. ಇಳಿಜಾರಿನಾಗ ಅದೇ ನಮ್ಮನ್ನ ನೂಕ್ತದ. ಅವತ್ತು ಚರಂಡಿಗೆ ಬಿದ್ದಾಗ ಕರುವಿನ ಕೊರಳು ತಬ್ಬಿಕೊಂಡು ನಾನು ಅದರಾಗ ಇದ್ದೆರೀ. ಎಳೆಯೋ ಶಕ್ತಿ ಎಲ್ಲರೂ ನೋಡ್ತಾರ. ನಿಲ್ಲಿಸೋ ಶಕ್ತಿ ನೋಡಬೇಕು. ಹಿಂದಿನದಕ್ಕೂ ಅದರದೇ ಬ್ರೇಕು ಇರಬೇಕು.”

ಮೂರನೆಯದನ್ನು ರಾಣಿ ಪರದೆಯ ಹತ್ತಿರಕ್ಕೆ ಬಂದು ಕೇಳಿದಳು. “ಹೋಗುವಾಗ ಅದು ಖಾಲಿ ಇರಬೇಕು. ಬರುವಾಗಲೂ ಖಾಲಿ ಇದ್ದರ ನಾ ಬದುಕಿದ್ದೂ ಸತ್ತಂಗ. ಏನದು?”

ಮಾಳಿಂಗ ತಲೆ ತಗ್ಗಿಸಿ ನಿಂತ. ಭಟನೊಬ್ಬ ಅವನ ಹೆಗಲಿಗೆ ಕೈ ಹಾಕಿದ.

“ಅದೊಂದು ಸೀಟು, ತಾಯಿ,” ಎಂದ ಅವನು ಮೆಲ್ಲಗೆ. “ನಿಮ್ಮವ್ವಾರದು. ನೀವು ಅವರನ್ನ ನೋಡಿ ಬರಾಕ ಹೊಂಟಿಲ್ಲ, ಕರಕೊಂಡು ಬರಾಕ ಹೊಂಟೀರಿ.”

ಪರದೆಯ ಹಿಂದೆ ಬಿಕ್ಕುವ ಸದ್ದು ಕೇಳಿಸಿತು. ಭೀಮರಸ ತಬ್ಬಿಬ್ಬಾದ. “ಮಗಳ ಮನಿಯಾಗ ತಾಯಿ ನೀರೂ ಮುಟ್ಟಬಾರದು ಅಂತ ಕಟ್ಟಳೆ ಐತಿ. ಹೊನ್ನಾ, ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲಲ್ಲ?”

ರಾಣಿ ಪರದೆ ಸರಿಸಿ ಹೊರಗೆ ಬಂದಳು. “ಹೇಳಿದ್ದರ ನೀವು ಇದೇ ಕಟ್ಟಳೆ ಹೇಳ್ತಿದ್ರಿ. ಒಗಟು ಮಾಡಿದ್ದಕ್ಕ ಇವತ್ತು ಕೇಳಿದ್ರಿ.”

ತಲೆ ತೆಗೆಸುವ ದೊರೆ ತಲೆ ತಗ್ಗಿಸಿದ. “ಕಟ್ಟಳೆ ಮಾಡಿದವರು ನಮ್ಮ ಹಿರಿಯರು. ಮುರಿದ ಪಾಪ ನನಗಿರಲಿ,” ಎಂದ. ರಾಣಿ ಸೆರೆಯಲ್ಲಿದ್ದ ಮೂವರನ್ನೂ ಬಿಡಿಸಿದಳು. ಮಾಳಿಂಗನಿಗೆ ಅರ್ಧ ರಾಜ್ಯ ಸಿಕ್ಕಿತು; ಅವನು ಅದರಲ್ಲಿ ಮುಕ್ಕಾಲು ಭಾಗ ಹುಲ್ಲುಗಾವಲನ್ನೇ ಆರಿಸಿಕೊಂಡ. ರಾಜಕುಮಾರಿಯನ್ನೂ ಕೊಟ್ಟರಂತೆ ಎನ್ನುವವರಿದ್ದಾರೆ. ಆ ಅರಮನೆಯಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ, ನಂಬಬೇಡಿ.

ಅವನು ಆರಿಸಿದ ಗಾಡಿ ನೋಡಲು ಅಂಥ ಚೆಂದವೇನಲ್ಲ. ಆದರೆ ದೊಡ್ಡವ್ವ ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಗೊರಕೆ ಹೊಡೆದರು, ಘಟ್ಟದ ಇಳಿಜಾರಿನಲ್ಲಿ ಕರು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ರಾಣಿ ಮಾತ್ರ ದಾರಿಯುದ್ದಕ್ಕೂ ಪಕ್ಕದ ಖಾಲಿ ಸೀಟಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು.

ನೀರಗೋಡಿನ ಜಗಲಿಯಲ್ಲಿ ಮುದುಕಿ ಕೂತಿದ್ದಳು. ರಾಣಿ ಓಡಿಹೋಗಿ ಮುಂದೆ ಕುಕ್ಕರಿಸಿದಳು. ಮುದುಕಿಯ ಬೆರಳು ಅವಳ ಹಣೆ, ಮೂಗು, ಗಲ್ಲ ತಡವಿದವು.

“ಯಾಕ ತಡ ಮಾಡಿದೆಯವ್ವಾ ಹೊನ್ನಿ?” ಎಂದಳು, ಬಾವಿಗೆ ನೀರಿಗೆ ಕಳಿಸಿದ್ದ ಮಗಳನ್ನು ಕೇಳಿದಂತೆ. ಆಮೇಲೆ ಸೆರಗು ಸರಿಮಾಡಿಕೊಂಡು, ಮಗಳ ಕೈ ಹಿಡಿದು, ಎಲ್ಲಿಗೆ ಎಂದೂ ಕೇಳದೆ ಗಾಡಿ ಹತ್ತಿದಳು.