ಎರಡು ಸಾವಿರದ ಐನೂರ ಹತ್ತೊಂಬತ್ತು ಕಲ್ಲು

“ನಾನೊಬ್ಬಳು ಹೋದರೆ ಏನಾದೀತು? ಒಂದು ತಲೆ ಕಡಿಮೆಯಾದೀತು, ಅಷ್ಟೆ.”

ನೀಲವ್ವ ಸಾಯುವ ಮುನ್ನ ಆಡಿದ ಕೊನೆಯ ಮಾತು ಅದು. ಮೂರು ತಿಂಗಳಾದ ಮೇಲೆ ಅವಳ ಗಂಡ ಹಾಲಪ್ಪ ಮಠಕ್ಕೆ ಬಂದು ಅದನ್ನೇ ಗುರುಗಳ ಮುಂದಿಟ್ಟ.

“ಒಂದು ಕಡಿಮೆಯಾದರೆ ಅಷ್ಟೇನಾ ಬುದ್ಧಿ? ನನಗೆ ಯಾವುದೂ ಸರಿ ಕೂರ್ತಿಲ್ಲ. ಇರೋದನ್ನೆಲ್ಲ ಬಿಟ್ಟು ಎಲ್ಲಾದರೂ ಹೊರಟುಬಿಡಲಾ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ವರ್ತಕ ತನ್ನ ಛತ್ರದ ಮುಂದೆ ಕಲ್ಲುಹಾದಿ ಮಾಡಿಸಲು ಹೊರಟ. ಅಗಲ ಎಷ್ಟಾದರೂ ಇರಲಿ, ಹೋದಷ್ಟು ದೂರ ಹೋಗಲಿ, ಕೊನೆಯ ಸಾಲು ಮಾತ್ರ ಮುರುಕಾಗಬಾರದು ಎಂದ. ಕಲ್ಲು ಎರಡು ಸಾವಿರದ ಐನೂರ ಇಪ್ಪತ್ತು. ಬಲು ಒಳ್ಳೆಯ ಸಂಖ್ಯೆ. ಎರಡರಿಂದ ಹತ್ತರವರೆಗೆ ಎಷ್ಟೆಷ್ಟರ ಸಾಲು ಮಾಡಿದರೂ ಒಂದೂ ಮಿಗುವುದಿಲ್ಲ. ಅದಕ್ಕಿಂತ ಚಿಕ್ಕ ಸಂಖ್ಯೆ ಯಾವುದಕ್ಕೂ ಈ ಗುಣವಿಲ್ಲ.

ಇಳಿಸುವಾಗ ಒಂದು ಕಲ್ಲು ಒಡೆಯಿತು. ಆ ಬಣ್ಣದ ಕಲ್ಲು ಗುಡ್ಡದಲ್ಲಿ ಮುಗಿದಿತ್ತು.

ಮೇಸ್ತ್ರಿ ಕಲ್ಲು ಮುಟ್ಟುವ ಮೊದಲು ಕಲ್ಲಿಗೊಂದರಂತೆ ಹುಣಸೆಬೀಜ ಜೋಡಿಸಿ ನೋಡುವವನು. ಹತ್ತರ ಸಾಲು ಮಾಡಿದ. ಕೊನೆಯ ಸಾಲಿನಲ್ಲಿ ಒಂದು ಜಾಗ ಖಾಲಿ. ಒಂಬತ್ತರ ಸಾಲಿನಲ್ಲೂ ಒಂದು ಖಾಲಿ. ಎಂಟು, ಏಳು, ಆರು ಎಂದು ಇಳಿಯುತ್ತಾ ಹೋದ. ಎಲ್ಲದರಲ್ಲೂ ಅದೇ ಒಂದು ಜಾಗ. ಎರಡಕ್ಕೆ ಬಂದಾಗ ಕೊನೆಯ ಜೋಡಿಯಲ್ಲಿ ಒಂದೇ ಬೀಜ ಕೂತಿತ್ತು.

ವರ್ತಕ ಬಂದು ನೋಡಿದ. “ಹಲ್ಲು ಬಿದ್ದ ಬಾಯಿ ಆಯ್ತಲ್ಲೋ! ಹತ್ತರ ಸಾಲೇ ಇರಲಿ, ಕೊನೇಲಿರೋ ಒಂಬತ್ತು ಕಲ್ಲು ಆಚೆ ಎಸಿ.”

“ಒಂದು ಹೋಯ್ತು ಅಂತ ಒಂಬತ್ತು ಎಸೀಲಾ ಧಣಿ?” ಎಂದ ಮೇಸ್ತ್ರಿ. ಎಸೆಯಲಿಲ್ಲ. ಬೀಜಗಳ ಮುಂದೆ ತಲೆ ಮೇಲೆ ಕೈಹೊತ್ತು ಕೂತ.

ಗಾರೆ ಹೊರುವ ಮುದುಕಿ ತಲೆಯ ಬುಟ್ಟಿ ಇಳಿಸಿ ನಕ್ಕಳು. “ಬೆರಳು ಮುಗಿದರೆ ಎಣಿಕೇನೂ ಮುಗೀತೇನಪ್ಪ? ಬರೀ ಕೆಳಕ್ಕೇ ಇಳೀತಿದ್ದೀಯ. ಹನ್ನೊಂದು ಇಟ್ಟು ನೋಡು.”

ಅವನು ಯಾವತ್ತೂ ಹನ್ನೊಂದರ ಸಾಲು ಕಟ್ಟಿದವನಲ್ಲ. ಮನಸ್ಸಿಲ್ಲದೆ ಇಟ್ಟ. ಇನ್ನೂರ ಇಪ್ಪತ್ತೊಂಬತ್ತು ಸಾಲಾಯಿತು. ಬೀಜ ಮಿಗಲಿಲ್ಲ, ಜಾಗವೂ ಉಳಿಯಲಿಲ್ಲ. ಹಾದಿ ಮೊದಲು ಎಣಿಸಿದ್ದಕ್ಕಿಂತ ಒಂದು ಕಲ್ಲು ಅಗಲವಾಯಿತು, ಉದ್ದ ಕೊಂಚ ತಗ್ಗಿತು. ಜನ ಅದರ ಮೇಲೆ ನಡೆದರು.

ಗುರುಗಳು ನಿಲ್ಲಿಸಿದರು. ಹಾಲಪ್ಪ ಕೇಳಿದ.

“ಹಂಗಾದರೆ, ಒಡೆದ ಕಲ್ಲಿನ ಜಾಗ ತುಂಬಿತಾ ಬುದ್ಧಿ?”

“ಇಲ್ಲ ಹಾಲಪ್ಪ, ಆ ಜಾಗ ಇದ್ದದ್ದು ಹಿಂದಿನ ಎಣಿಕೆಯಲ್ಲಿ, ಇದು ಬೇರೆ ಎಣಿಕೆ.”

ಹಾಲಪ್ಪ ಕೈಮುಗಿದು ಎದ್ದ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಒಬ್ಬನಿಗಾಗುವಷ್ಟು ಅಕ್ಕಿ ತೊಳೆದು ಗಂಜಿಗಿಟ್ಟ. ಉಪ್ಪು ಹೆಚ್ಚಾಯಿತು. ಉಂಡ.