ದೊಡ್ಡಿಯ ಚಾರ್ಜು

ದೆಹಲಿಯಿಂದ ಬಂದ ಅಧಿಕಾರಿ ಪಂಚಾಯಿತಿ ಕಚೇರಿಯಲ್ಲಿ ಕೂರಲೂ ಇಲ್ಲ. "ನಿಮ್ಮೂರ ದನದ ದೊಡ್ಡಿ ಇವತ್ತಿನಿಂದ ಕೇಂದ್ರ ಸರ್ಕಾರದ್ದು. ನಮಗೆ ಗೋದಾಮು ಬೇಕು. ಬೀಗದ ಕೈ ಕೊಡಿ" ಎಂದರು.

ಹೊಲ ಮೇಯ್ದ ದನ ಕೂಡಿಹಾಕುವ ದೊಡ್ಡಿ ಸಂವಿಧಾನದಲ್ಲಿ ರಾಜ್ಯದ ಪಟ್ಟಿಗೆ ಸೇರಿದ್ದು, ಕೇಂದ್ರ ಹಾಗೆಲ್ಲ ಕೈಹಾಕುವಂತಿಲ್ಲ ಎಂಬುದು ಪಿಡಿಒ ಚನ್ನವೀರಯ್ಯನವರಿಗೆ ಗೊತ್ತಿತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದರು. ಆದರೂ ಈಗ ಕೈ ಬೀಗದ ಕೈ ಇದ್ದ ಜೇಬಿಗೆ ಹೋಯಿತು.

ಮೂಲೆಯಲ್ಲಿದ್ದ ಗುಮಾಸ್ತ ರಿಜಿಸ್ಟರ್ ಹಿಡಿದು ಎದ್ದ. "ಧಾರಾಳವಾಗಿ ತಗೊಳ್ಳಿ ಸಾರ್. ಒಳಗೆ ಒಂದು ಹೋರಿ ಇದೆ. ಅದರ ಚಾರ್ಜನ್ನೂ ತಗೋಬೇಕು. ಹೊತ್ತುಹೊತ್ತಿಗೆ ಹುಲ್ಲು, ನೀರು. ಸಗಣಿ ಬಾಚೋಕೆ ಹೋದ ಇಬ್ಬರನ್ನ ಮೊನ್ನೆ ಹಾಯ್ದಿದೆ. ಇಲ್ಲಿ ಸಹಿ ಮಾಡಿ."

"ಹೋರಿ ನಮಗ್ಯಾಕಯ್ಯ?"

"ದೊಡ್ಡಿ ಯಾರದೋ ಹೋರಿನೂ ಅವರದೇ ಸಾರ್. ಇನ್ನು ಊರಲ್ಲಿ ಯಾವ ದನ ಹೊಲಕ್ಕೆ ನುಗ್ಗಿದ್ರೂ ಹಿಡಿಯೋಕೆ ದೆಹಲಿಯಿಂದಲೇ ಬರಬೇಕು. ಬೇಡ ಅಂದ್ರೆ, ದೊಡ್ಡಿ ರಾಜ್ಯದ್ದು ಅಂತ ಒಂದು ಸಾಲು ಬರೆದುಕೊಡಿ. ಹೋರಿ ನಮ್ಮಲ್ಲೇ ಇರುತ್ತೆ. ಬೀಗದ ಕೈಯೂ."

ಹಿತ್ತಲ ದೊಡ್ಡಿಯಿಂದ ಹೋರಿ ಒಮ್ಮೆ ಗುಟುರು ಹಾಕಿತು. ಅಧಿಕಾರಿ ಪೆನ್ನು ತೆಗೆದು ಆ ಸಾಲು ಬರೆದರು.

ಹೊರಡುವಾಗ ಚನ್ನವೀರಯ್ಯನವರತ್ತ ತಿರುಗಿ, "ಗುಮಾಸ್ತನನ್ನ ಚೆನ್ನಾಗಿ ತಯಾರು ಮಾಡಿದ್ದೀರಿ" ಎಂದು ಕೈ ಚಾಚಿದರು.

ಚನ್ನವೀರಯ್ಯನವರಿಗೆ ಕೈ ಕೊಡಲಾಗಲಿಲ್ಲ. ಬಲಗೈಯಲ್ಲಿ ದೊಡ್ಡಿಯ ಬೀಗದ ಕೈ ಇತ್ತು. ಜೇಬಿನಿಂದ ಅದು ಯಾವಾಗಲೋ ಹೊರಗೆ ಬಂದಿತ್ತು.

ಗುಮಾಸ್ತ ಅದನ್ನು ನೋಡಿದ. ನೋಡದವನಂತೆ ರಿಜಿಸ್ಟರ್ ಮುಚ್ಚಿದ.

ಹೋರಿ ಹಾಯ್ದಿದ್ದರೂ ಚನ್ನವೀರಯ್ಯನವರಿಗೆ ಅಷ್ಟು ನೋಯುತ್ತಿರಲಿಲ್ಲ.