ಹುಲಿಗೆಮ್ಮ ಹೇಳಿದ ಕಾರಣ

ಗವಿಸಿದ್ಧ ಪಟ್ಟಣದಿಂದ ಓಡುತ್ತಲೇ ಆಶ್ರಮಕ್ಕೆ ಬಂದ. ಏದುಸಿರು ಬಿಡುತ್ತಾ ಗುರುಗಳ ಮುಂದೆ ಕುಳಿತ.

"ಗುರುಗಳೇ, ವಿದ್ವತ್ಸಭೆಯವರು ನನ್ನನ್ನು ಆರಿಸಿದ್ದಾರೆ! ನಮ್ಮ ಹೊಳೆಯ ಮೀನುಗಾರರ ಬಗ್ಗೆ ನಾನೇ ವರದಿ ಬರೆಯಬೇಕಂತೆ."

"ಸಂತೋಷ. ಏನೆಂದು ಬರೆಯುತ್ತೀಯೆ?"

"ಅದು ಗೊತ್ತೇ ಇದೆ. ಕಡಲಾಚೆಯ ದೊಡ್ಡ ವಿದ್ವಾಂಸರೊಬ್ಬರ ಸಿದ್ಧಾಂತವಿದೆ. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ದೋಚುತ್ತಾರೆ, ಕೊನೆಗೆ ಯಾರಿಗೂ ಏನೂ ಉಳಿಯುವುದಿಲ್ಲ. ಆದ್ದರಿಂದ ಮೀನಿನ ಮಡುವನ್ನು ಒಬ್ಬನೇ ಒಡೆಯನಿಗೆ ವಹಿಸಬೇಕು. ಸಭೆಗೆ ಇಲ್ಲಿಂದ ಒಂದು ಉದಾಹರಣೆ ಬೇಕು, ಅಷ್ಟೇ. ವರದಿ ಮುಟ್ಟಿದ ಕೂಡಲೇ ಮಡು ಒಡೆಯನ ಕೈಗೆ ಹೋಗುತ್ತದೆ."

ಗುರು ಅಮರೇಶರು ಹೊಳೆಯ ಕಡೆ ಕೈ ತೋರಿಸಿದರು.

"ಹೋಗಿ ಆ ಉದಾಹರಣೆಯನ್ನು ತಾ."

ಗವಿಸಿದ್ಧ ಎಂಟು ದಿನ ಮೀನುಗಾರರ ನಡುವೆ ಇದ್ದ. ಒಂಬತ್ತನೆಯ ದಿನ ಮುಖ ಬಾಡಿಸಿಕೊಂಡು ಬಂದ.

"ಎಲ್ಲೋ ತಪ್ಪಾಗಿದೆ ಗುರುಗಳೇ. ಮಡು ಇಪ್ಪತ್ತೆರಡು ಮನೆಗಳಿಗೆ ಸೇರಿದ್ದು. ಯಾರೂ ದೋಚುವುದಿಲ್ಲ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಒಬ್ಬರೂ ಬಲೆ ಬೀಸುವುದಿಲ್ಲ. ಕಾವಲುಗಾರನೂ ಇಲ್ಲ!"

"ತಪ್ಪಿರುವುದು ಹೊಳೆಯಲ್ಲೋ, ಸಿದ್ಧಾಂತದಲ್ಲೋ?"

"ಅಷ್ಟು ದೊಡ್ಡವರ ಸಿದ್ಧಾಂತ ತಪ್ಪುವುದುಂಟೇ? ಇಲ್ಲೊಂದು ವಿಚಿತ್ರ ಪದ್ಧತಿ ಇದೆ ಎಂದು ವರದಿ ಬರೆದಿಟ್ಟಿದ್ದೇನೆ, ಹಾಗೇ ಕಳಿಸುತ್ತೇನೆ. ಕಾರಣವನ್ನು ಆ ವಿದ್ವಾಂಸರೇ ಹೇಳಲಿ."

"ಮೀನುಗಾರರನ್ನು ಕೇಳಿದೆಯಾ?"

"ಏನು ಮಾಡುತ್ತೀರಿ ಎಂದು ಕೇಳಿದೆ. ಯಾಕೆ ಎಂದು..." ಗವಿಸಿದ್ಧ ತಡವರಿಸಿದ. "ಕೇಳಲಿಲ್ಲ."

ಗುರುಗಳು ತಟ್ಟನೆ ಎದ್ದು ಹೊಳೆಯತ್ತ ನಡೆದೇಬಿಟ್ಟರು. ಶಿಷ್ಯ ಹಿಂದೆ ಹಿಂದೆಯೇ ಓಡಿದ.

ದಂಡೆಯ ಕಲ್ಲಿನ ಮೇಲೆ ಹುಲಿಗೆಮ್ಮ ಹರಿದ ಬಲೆ ಹೆಣೆಯುತ್ತಿದ್ದಳು. ಇಪ್ಪತ್ತೆರಡು ಮನೆಗಳೂ ಮಾತು ಕೇಳುವ ಹಿರಿಯಳು ಅವಳು. ಗುರುಗಳು ಅವಳ ಕಾಲಬುಡದ ಮರಳಿನಲ್ಲಿ, ಶಿಷ್ಯರು ಕೂರುವಂತೆ ಕುಳಿತರು.

"ಅಯ್ಯಯ್ಯೋ ಅಜ್ಜಾರ, ಮ್ಯಾಲೆ ಕುಂದರ್ರಿ!"

"ಕಲಿಯಲು ಬಂದಿದ್ದೇನೆ ತಾಯಿ. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ದೋಚುತ್ತಾರೆ ಎಂದು ಕಡಲಾಚೆಯ ದೊಡ್ಡವರೊಬ್ಬರು ಹೇಳಿದ್ದಾರಂತೆ. ಈ ಮಡುವನ್ನು ನೀವು ಯಾಕೆ ದೋಚುವುದಿಲ್ಲ?"

ಹುಲಿಗೆಮ್ಮನ ಕೈ ನಿಂತಿತು. ಈವರೆಗೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ಹೆಚ್ಚಿಗಿ ಹಿಡಿದಾಕಿ ಮರುದಿನ ಇದ ದಂಡಿಗೆ ಬರಬೇಕಲ್ರಿ. ಯಾರ ಮನ್ಯಾಗ ಸಾರು ಕುದೀಲಿಲ್ಲೋ ಅವರ ಮಾರಿ ನೋಡಬೇಕು. ಮಾರಿ ಕಾಣೂತನಕ ಕೈ ತಡೀತದ. ಕಾಣದಂಗ ಆತಂದ್ರ ಯಾರ ಕೈನೂ ತಡ್ಯಾಂಗಿಲ್ಲ. ನಂದೂ ತಡ್ಯಾಂಗಿಲ್ರಿ."

ಆಮೇಲೆ ಗವಿಸಿದ್ಧನ ಕಡೆ ತಿರುಗಿದಳು.

"ತಮ್ಮಾ, ಆ ದೊಡ್ಡವರ ಊರಾಗ ಮಂದಿ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲೇನು?"

ಗವಿಸಿದ್ಧ ನಿಂತಲ್ಲಿ ನಿಲ್ಲಲಾರದೆ ಮರಳಿನಲ್ಲಿ ಅತ್ತಿಂದಿತ್ತ ನಡೆದಾಡಿದ.

"ಗುರುಗಳೇ, ಇದು ಬರೀ ಈ ಮಡುವಿನ ಮಾತಲ್ಲ! ಎಲ್ಲಿ ದೋಚುತ್ತಾರೆ, ಎಲ್ಲಿ ದೋಚುವುದಿಲ್ಲ, ಎರಡಕ್ಕೂ ಕಾರಣ ಇದರಲ್ಲಿದೆ. ಆ ವಿದ್ವಾಂಸರು ಕಂಡದ್ದು ಅರ್ಧ ಮಾತ್ರ! ಮಡುವನ್ನು ಒಡೆಯನಿಗೆ ಕೊಟ್ಟರೆ ಅವನು ಪಟ್ಟಣದಲ್ಲಿ ಕೂರುತ್ತಾನೆ. ಅವನಿಗೆ ಇಲ್ಲಿ ಯಾರ ಮುಖವೂ ಕಾಣುವುದಿಲ್ಲ. ಮಡು ಬರಿದಾಗುವುದು ಆಗಲೇ!"

"ಇಷ್ಟಕ್ಕ ಹಿಂಗ್ಯಾಕ ಕುಣೀತಾನ್ರೀ ಅಜ್ಜಾರ?" ಹುಲಿಗೆಮ್ಮ ನಕ್ಕಳು.

ಗವಿಸಿದ್ಧ ಹಳೆಯ ವರದಿಯನ್ನು ಹರಿದು ಹಾಕಿದ. ಅಲ್ಲೇ ಕುಳಿತು ಹೊಸದನ್ನು ಬರೆದ. ತಲೆಬರಹ, 'ಹುಲಿಗೆಮ್ಮನವರ ಸಿದ್ಧಾಂತ'. ಬರೆದದ್ದನ್ನು ಗಟ್ಟಿಯಾಗಿ ಓದಿದ. ಅವಳು ಎರಡು ಕಡೆ ತಡೆದು ತಿದ್ದಿದಳು. ಅವನು ಖುಷಿಯಿಂದ ತಿದ್ದಿಕೊಂಡ. ಮಡು ಇಪ್ಪತ್ತೆರಡು ಮನೆಗಳಿಗೇ ಇರಲಿ ಎಂದು ಮುಗಿಸಿದ.

ಮುಗಿಸಿದವನಿಗೆ ಒಂದು ಅನುಮಾನ ಬಂತು.

"ಗುರುಗಳೇ, ಆ ವಿದ್ವಾಂಸರು ಹೇಳಿದ್ದನ್ನು ಬಿಟ್ಟುಬಿಡಲೇ?"

"ಯಾಕೆ ಬಿಡುತ್ತೀಯೆ? ಅದನ್ನೂ ಬರೆ," ಎಂದರು ಗುರುಗಳು. "ಅವರ ಊರಿನ ಪದ್ಧತಿ ಎಂದು."